ನೀರು ನುಗ್ಗಿದ ಸ್ಟುಡಿಯೋದಿಂದ ಮತ್ತೆ ಕೆಲಸದ ಮೇಜಿಗೆ: ಚಿತ್ರಕಲಾವಿದರಿಗೆ ಒಂದು ಸಮಗ್ರ ಮಾರ್ಗದರ್ಶಿ

2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆಗೆ ನನ್ನ ಸ್ಟುಡಿಯೋ ಮುಳುಗಿತು. ಬೆಂಗಳೂರಿನ ಪೂರ್ವ ಭಾಗದಲ್ಲಿ, ರಾಜಕಾಲುವೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಹಿಡಿದಿದ್ದ ನೆಲಮಾಳಿಗೆ ಅದು. ನಾನು ಮರದ ಹಲಗೆ ಕೆತ್ತಿ ಮುದ್ರಣ ತೆಗೆಯುವ ಕಲಾವಿದೆ. ನಡುನಡುವೆ ಜಲವರ್ಣವನ್ನೂ ಮಾಡುತ್ತೇನೆ. ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಟಾರ್ಚ್ ಬಿಟ್ಟಾಗ ಇಪ್ಪತ್ತೆರಡು ವರ್ಷಗಳ ಹಲಗೆಗಳು ಕಾಫಿ ಬಣ್ಣದ ನೀರಿನಲ್ಲಿ ಒಂದಕ್ಕೊಂದು ತಾಗುತ್ತಾ ತೇಲುತ್ತಿದ್ದವು. ಟಕ್ ಟಕ್ ಎಂಬ ಆ ಸಣ್ಣ ಸದ್ದು ಈಗಲೂ ಕಿವಿಯಲ್ಲಿದೆ.

ಸಾಂತ್ವನ ಹೇಳುವವರು ಬಹಳ ಮಂದಿ ಬಂದರು. ಒದ್ದೆ ಕಾಗದವನ್ನು ಹೇಗೆ ಎತ್ತಬೇಕು ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಆ ಕೊರತೆ ತುಂಬಲು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೆಲಸವನ್ನು ನೀರಿನ ಬದಲು ಬೆಂಕಿಯೋ ಗೆದ್ದಲೋ ತಿಂದಿದ್ದರೆ ಮೊದಲ ಮೂರು ಭಾಗಗಳನ್ನು ಬಿಟ್ಟು ಮುಂದಕ್ಕೆ ಹೋಗಿ. ವಿಮೆ ಮತ್ತು ಪಟ್ಟಿಯಿಂದ ಆಚೆಗೆ ಎಲ್ಲರ ದಾರಿಯೂ ಒಂದೇ.

ನೀರಿಗೆ ಇಳಿಯುವ ಮುನ್ನ

ಮೇನ್ ಸ್ವಿಚ್ ಆರಿಸದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಮೀಟರ್ ಬೋರ್ಡೇ ನೀರಿನಲ್ಲಿದ್ದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ, ಸಂಪರ್ಕ ಕಡಿತವಾದದ್ದು ಖಚಿತವಾದ ಮೇಲೆಯೇ ಇಳಿಯಿರಿ. ನಮ್ಮ ಊರಿನಲ್ಲಿ ಒಳಗೆ ನುಗ್ಗುವುದು ಬರೀ ಮಳೆನೀರಲ್ಲ. ಕೆರೆಯಿಂದ ಕೆರೆಗೆ ನೀರು ಒಯ್ಯಲೆಂದು ಇದ್ದ ರಾಜಕಾಲುವೆಗಳು ಇಂದು ಚರಂಡಿ ನೀರನ್ನೂ ಹೊರುತ್ತವೆ. ಗಮ್‌ಬೂಟು, ರಬ್ಬರ್ ಕೈಗವಸು, ಎನ್95 ಮುಖಗವಸು ಬೇಕೇ ಬೇಕು. ಕೈಕಾಲಿನಲ್ಲಿ ಗಾಯವಿದ್ದು ಆ ನೀರು ತಾಗಿದ್ದರೆ ಅದೇ ದಿನ ವೈದ್ಯರನ್ನು ಕಾಣಿರಿ. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆಯೂ ಇಲಿಜ್ವರದ ಬಗ್ಗೆಯೂ ನೀವಾಗಿಯೇ ಕೇಳಿರಿ.

ಏನನ್ನೂ ಅಲುಗಿಸುವ ಮೊದಲು ಇಡೀ ಕೋಣೆಯ ವಿಡಿಯೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆಗೆ ಅಳತೆಪಟ್ಟಿ ಹಿಡಿದು ಒಂದು ಫೋಟೋ ಇರಲಿ. ಮುಂದೆ ವಿಮೆಯವರ ಮುಂದೆ, ಮನೆ ಮಾಲೀಕರ ಮುಂದೆ ನಿಮ್ಮ ಪರವಾಗಿ ಮಾತನಾಡುವುದು ಆ ಗೆರೆಯೇ.

ಇನ್ನು ಎತ್ತುವ ಕ್ರಮ. ಮನಸ್ಸು ತನಗೆ ಪ್ರಿಯವಾದದ್ದರ ಕಡೆಗೆ ಓಡುತ್ತದೆ. ನಾನು ಮೊದಲ ಅರ್ಧ ಗಂಟೆಯನ್ನು ಕಳೆದದ್ದು ಒಂದು ಪ್ರಶಸ್ತಿ ಪತ್ರವನ್ನು ಉಳಿಸುವುದರಲ್ಲಿ. ಅದಕ್ಕೆ ಲ್ಯಾಮಿನೇಷನ್ ಆಗಿತ್ತು. ಹಾಗೆ ಮಾಡಬೇಡಿ. ಬೇಗ ಹಾಳಾಗುವುದನ್ನು ಬೇಗ ಎತ್ತಿ: ಮೊದಲು ಕಾಗದದ ಮೇಲಿನ ಕೆಲಸ ಮತ್ತು ಫೋಟೋಗಳು, ಆಮೇಲೆ ಕ್ಯಾನ್ವಾಸ್, ಆಮೇಲೆ ಹಲಗೆ, ಕೊನೆಗೆ ಲೋಹ ಮತ್ತು ಗಾಜು.

ಮೊದಲ ನಲವತ್ತೆಂಟು ಗಂಟೆ

ಒದ್ದೆಯಾದ ಕಾಗದಕ್ಕೆ ಎರಡು ಮೂರು ದಿನಗಳೊಳಗೆ ಬೂಷ್ಟು ಹಿಡಿಯುತ್ತದೆ. ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಾಳಿಯೇ ಒದ್ದೆ, ಆದ್ದರಿಂದ ಎರಡೇ ದಿನ ಎಂದು ಲೆಕ್ಕ ಹಾಕಿಕೊಳ್ಳಿ.

ಒದ್ದೆ ಹಾಳೆಯನ್ನು ಮೂಲೆ ಹಿಡಿದು ಎತ್ತಿದರೆ ಮೂಲೆ ಮಾತ್ರ ಕೈಗೆ ಬರುತ್ತದೆ. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನೋ ತಟ್ಟೆಯನ್ನೋ ತೂರಿಸಿ, ಮಗುವನ್ನು ಎತ್ತುವಂತೆ ಅಡಿಯಿಂದ ಎತ್ತಿ. ಅಂಟಿಕೊಂಡ ಹಾಳೆಗಳನ್ನು ಅಲ್ಲೇ ಬಿಡಿಸಲು ಹೋಗಬೇಡಿ. ಎಣ್ಣೆ ಆಧಾರಿತ ಶಾಯಿಯಿಂದ ಮುದ್ರಿಸಿದ ಕೃತಿಗಳಿಗೆ ಕೆಸರು ಮೆತ್ತಿದ್ದರೆ ಅಗಲವಾದ ಟ್ರೇಯಲ್ಲಿ ತಣ್ಣನೆಯ ಶುದ್ಧ ನೀರು ತುಂಬಿ ಮೆಲ್ಲಗೆ ತೊಳೆಯಬಹುದು. ಆ ಶಾಯಿ ನೀರಿಗೆ ಕರಗುವುದಿಲ್ಲ. ಜಲವರ್ಣಕ್ಕೆ ಈ ಉಪಚಾರ ಮಾಡಿದರೆ ಚಿತ್ರ ಟ್ರೇಯಲ್ಲಿ ಉಳಿದು ಬಿಳಿ ಕಾಗದ ಕೈಗೆ ಬರುತ್ತದೆ. ಅದನ್ನು ಮುಖ ಮೇಲಾಗಿ ಮಲಗಿಸಿ, ಒತ್ತದೆ, ಉಜ್ಜದೆ ಬಿಡಿ.

ಒಣಗಿಸಲು ಹಾಳೆಯ ಕೆಳಗೆ ಬ್ಲಾಟಿಂಗ್ ಕಾಗದ ಇಲ್ಲವೇ ಏನೂ ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಸಿ. ಓದಿ ಮುಗಿದ ದಿನಪತ್ರಿಕೆ ಬೇಡ, ನಿನ್ನೆಯ ಸುದ್ದಿ ನಿಮ್ಮ ಚಿತ್ರದ ಬೆನ್ನಿಗೆ ಅಚ್ಚಾಗುತ್ತದೆ. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆ ಎಲ್ಲಕ್ಕಿಂತ ಒಳ್ಳೆಯದು. ಕಿಟಕಿ ತೆರೆದಿರಲಿ, ಫ್ಯಾನ್ ಗೋಡೆಯ ಕಡೆಗೆ ತಿರುಗಿರಲಿ. ಬಿಸಿಲು, ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ಮೂರೂ ನಿಷಿದ್ಧ.

ಎರಡು ದಿನಗಳಲ್ಲಿ ಒಣಗಿಸಲಾರದಷ್ಟು ಕಾಗದವಿದ್ದರೆ ಉಳಿದದ್ದನ್ನು ಹೆಪ್ಪುಗಟ್ಟಿಸಿ. ಈ ಉಪಾಯ ಗೊತ್ತಿಲ್ಲದೆ ಎಷ್ಟೋ ಜನ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಫ್ರೀಜರಿನ ಚಳಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ, ಬಣ್ಣ ಮತ್ತಷ್ಟು ಹರಡುವುದಿಲ್ಲ. ನಿಮಗೆ ತಿಂಗಳುಗಟ್ಟಲೆ ಕಾಲಾವಕಾಶ ಸಿಗುತ್ತದೆ. ಎರಡು ಬೆರಳು ದಪ್ಪದ ಕಟ್ಟುಗಳಾಗಿ ಮಾಡಿ, ನಡುವೆ ಬಟರ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒಳಗೆ ಏನಿದೆ ಎಂದು ಮೇಲೆ ಬರೆದು ಚಪ್ಪಟೆಯಾಗಿ ಇಡಿ. ಕ್ಯಾನ್ವಾಸ್ ಮೇಲಿನ ತೈಲವರ್ಣವನ್ನು ಮಾತ್ರ ಫ್ರೀಜರಿಗೆ ಹಾಕಬೇಡಿ. ಅದನ್ನು ಚೌಕಟ್ಟಿನಿಂದ ಬಿಡಿಸದೆ, ಮುಖ ಮೇಲಾಗಿ, ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟು ನೆರಳಿನಲ್ಲಿ ಒಣಗಿಸಬೇಕು.

ನಾನು ವಾಸಿಸುವ ಬಡಾವಣೆ ಎತ್ತರದಲ್ಲಿದೆ, ಅಲ್ಲಿಗೆ ನೀರು ಬಂದಿರಲಿಲ್ಲ. ಎದುರುಮನೆಯ ಅಜ್ಜಿಯ ಬಳಿ ಮಗನ ಐಸ್‌ಕ್ರೀಮ್ ಅಂಗಡಿ ಮುಚ್ಚಿದಾಗ ಉಳಿದ ದೊಡ್ಡ ಫ್ರೀಜರ್ ಇತ್ತು. ಹೋಗಿ ಕೇಳಿದೆ.

"ಕಾಗದ ತಾನೆ? ವಾಸನೆ ಬರುವುದಿಲ್ಲವಷ್ಟೆ?" ಎಂದರು.

"ಸ್ವಲ್ಪ ಬರುತ್ತದೆ ಅಜ್ಜಿ."

"ಸರಿ, ಇನ್ನೊಂದು ಚೀಲ ಸುತ್ತಿಬಿಡು" ಎಂದವರೇ, ಹಿದುಕಿದ ಅವರೆಕಾಳಿನ ಪೊಟ್ಟಣಗಳನ್ನು ಒಂದು ಪಕ್ಕಕ್ಕೆ ಸರಿಸಿದರು. ಒಂಬತ್ತು ಕಟ್ಟುಗಳು ಒಳಗೆ ಹೋದವು.

ಬೂಷ್ಟು ಈಗಾಗಲೇ ಹಿಡಿದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಕಾಗದದೊಳಕ್ಕೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮುಖಗವಸು ಧರಿಸಿ, ಮೆತ್ತನೆಯ ಕುಂಚದಿಂದ ಕೊಡವಿ. ಕೈಮೀರಿದ, ಆದರೆ ಬಿಡಲಾಗದ ಕೃತಿಗಳಿದ್ದರೆ ತಜ್ಞರಿಗೆ ಒಪ್ಪಿಸಿ: ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿರುವ, ಪರಂಪರೆ ರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೇ ಕೆಲಸಕ್ಕೆ ಇರುವಂಥದ್ದು. ಐದಾರು ಕೃತಿಗಳನ್ನು ಆರಿಸಿಕೊಂಡು ಹೋಗಿ. ಇಡೀ ಸ್ಟುಡಿಯೋವನ್ನು ಹೊತ್ತುಕೊಂಡು ಹೋದರೆ ಅವರಿಗೂ ಕಷ್ಟ, ನಿಮ್ಮ ಜೇಬಿಗೂ ಕಷ್ಟ.

ಹಲಗೆ, ಉಳಿ, ಹಾರ್ಡ್ ಡಿಸ್ಕ್

ಹಲಗೆಗಳನ್ನು ಅವಸರದಲ್ಲಿ ಒಣಗಿಸಿದರೆ ಸೀಳುತ್ತವೆ. ನಡುವೆ ರೀಪರು ತುಂಡುಗಳನ್ನು ಕೊಟ್ಟು, ಒಂದರ ಮೇಲೊಂದು ಪೇರಿಸಿ, ಮೇಲೆ ಭಾರ ಹೇರಿ ಮೂರು ನಾಲ್ಕು ವಾರ ಕಾಯಿರಿ. ಪ್ಲೈವುಡ್ ಪದರ ಬಿಟ್ಟಿದ್ದರೆ ಅದರ ಆಸೆ ಬಿಡಿ. ಉಳಿಗಳ ತುಕ್ಕು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ ತಂತಿಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಮುಚ್ಚಳ ಬಿಗಿಯಾಗಿದ್ದ ಬಣ್ಣದ ಟ್ಯೂಬುಗಳಿಗೆ ಏನೂ ಆಗಿರುವುದಿಲ್ಲ, ಹೊರಗೆ ತೊಳೆದರೆ ಸಾಕು. ಒದ್ದೆಯಾದ ಹಾರ್ಡ್ ಡಿಸ್ಕನ್ನು ಪರೀಕ್ಷೆಗೆಂದೂ ಆನ್ ಮಾಡಬೇಡಿ, ಅಕ್ಕಿ ಡಬ್ಬದಲ್ಲೂ ಹೂಳಬೇಡಿ. ಡೇಟಾ ಮರಳಿ ಪಡೆಯುವ ಕೆಲಸ ಗೊತ್ತಿರುವವರಿಗೆ ಹಾಗೆಯೇ ತಲುಪಿಸಿ.

ವಿಮೆ

ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ನನ್ನ ಅನುಭವ ಚಿಕ್ಕದು ಮತ್ತು ಕಹಿ. ವಿಮೆ ಇದ್ದರೆ ಅದೇ ದಿನ ತಿಳಿಸಿ, ಸರ್ವೇಯರ್ ಬಂದು ನೋಡುವವರೆಗೆ ಯಾವುದನ್ನೂ ಕಸದ ಗಾಡಿಗೆ ಹಾಕಬೇಡಿ, ಹಾಕಲೇಬೇಕಾದರೆ ಪ್ರತಿಯೊಂದರ ಫೋಟೋ ಇಟ್ಟುಕೊಳ್ಳಿ. ಸಾಮಾನ್ಯ ಗೃಹ ವಿಮೆಯಲ್ಲಿ ಕಲಾಕೃತಿಗಳಿಗೆ ರಕ್ಷಣೆ ಬೇಕಿದ್ದರೆ ಮೊದಲೇ ಬೆಲೆ ಒಪ್ಪಿಸಿ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ನಾನು ಸೇರಿಸಿರಲಿಲ್ಲ. ನನ್ನ ಇಪ್ಪತ್ತೆರಡು ವರ್ಷಗಳು ಸರ್ವೇಯರರ ಕಾಗದದಲ್ಲಿ "ಹಳೆಯ ಮರದ ಸಾಮಾನು" ಆದವು.

ಹೋದವುಗಳ ಪಟ್ಟಿ

ಇದನ್ನು ಮೂರನೆಯ ವಾರ ಆರಂಭಿಸಿ. ಅದಕ್ಕೂ ಮೊದಲು ಬೇಡ, ಕಣ್ಣು ಅಕ್ಷರಗಳ ಮೇಲೆ ನಿಲ್ಲುವುದಿಲ್ಲ. ಅದಕ್ಕಿಂತ ತಡವೂ ಬೇಡ, ನೆನಪು ಬೇಗ ಕಥೆ ಕಟ್ಟಲು ಶುರುಮಾಡುತ್ತದೆ.

ರೂಲು ಹಾಕಿದ ಉದ್ದನೆಯ ಲೆಕ್ಕದ ಪುಸ್ತಕ ಕೊಳ್ಳಿ. ಅವೆನ್ಯೂ ರಸ್ತೆಯಲ್ಲಿ ಸಿಗುವ ಕೆಂಪು ಬೆನ್ನಿನದ್ದು ಸಾಕು. ಏಳು ಕಲಮುಗಳು: ಕ್ರಮಸಂಖ್ಯೆ, ಹೆಸರು, ವರ್ಷ, ಅಳತೆ, ಮಾಧ್ಯಮ, ಸ್ಥಿತಿ, ಈಗ ಎಲ್ಲಿದೆ. ಸ್ಥಿತಿಗೆ ಮೂರೇ ಪದ: ಉಳಿದಿದೆ, ಪೆಟ್ಟಾಗಿದೆ, ಹೋಯಿತು. "ಬಹುಶಃ" ಎಂದು ಬರೆಯಲು ಕೈ ತವಕಿಸುತ್ತದೆ, ಬರೆಯಬೇಡಿ.

ನೆನಪಿನಿಂದ ಆರಂಭಿಸದೆ ಕುರುಹುಗಳಿಂದ ಆರಂಭಿಸಿ. ಗೆಳೆಯರಿಗೆ ವಾಟ್ಸ್ಆಪ್‌ನಲ್ಲಿ ಕಳುಹಿಸಿದ್ದ ಫೋಟೋಗಳು, ಹಳೆಯ ಇ-ಮೇಲ್‌ಗಳು, ಪ್ರದರ್ಶನಗಳ ಕರಪತ್ರಗಳು, ಫ್ರೇಮ್ ಅಂಗಡಿಯ ಬಿಲ್ಲುಗಳು, ಕೊರಿಯರ್ ಚೀಟಿಗಳು. ನನ್ನ ಫ್ರೇಮ್ ಅಂಗಡಿಯವರು ಹನ್ನೊಂದು ವರ್ಷಗಳ ಬಿಲ್ ಪುಸ್ತಕಗಳನ್ನು ಅಟ್ಟದಿಂದ ಇಳಿಸಿಕೊಟ್ಟರು. ನಾನೇ ಮರೆತಿದ್ದ ಕೃತಿಗಳ ಅಳತೆ ಅವರಲ್ಲಿ ಅಂಗುಲದ ಲೆಕ್ಕದಲ್ಲಿತ್ತು.

ಪಟ್ಟಿ 386ಕ್ಕೆ ನಿಂತಿತು. ನನ್ನ ಕೈಯಲ್ಲಿ ಪೂರ್ತಿಯಾಗಿ ಉಳಿದದ್ದು 23. ನಾನು ಎಣಿಸಿಯೇ ಇರದ ಸಂಗತಿ ಏಳನೆಯ ಕಲಮಿನಲ್ಲಿ ಕಾದಿತ್ತು: 129 ಕೃತಿಗಳು ಬೇರೆಯವರ ಮನೆಗಳಲ್ಲಿದ್ದವು. ಮಾರಿದ್ದು, ಮದುವೆಗೆ ಕೊಟ್ಟದ್ದು, ಬಾಡಿಗೆಯ ಬದಲು ಕೊಟ್ಟದ್ದು, ಎರವಲು ಹೋಗಿ ಹಿಂತಿರುಗದೆ ನಾನು ಬೈದುಕೊಂಡದ್ದು. ಮುದ್ರಣದಲ್ಲಿ ಒಂದು ಹಲಗೆಯಿಂದ ಹತ್ತು ಹನ್ನೆರಡು ಪ್ರತಿಗಳು ಬರುತ್ತವೆ. ನಾನು ಚೆನ್ನಾಗಿ ಬಂದ ಪ್ರತಿಯನ್ನು ನನಗೆಂದು ಎತ್ತಿಟ್ಟು, ಶಾಯಿ ತುಸು ತೆಳುವಾದದ್ದನ್ನು ಬಂಧುಮಿತ್ರರಿಗೆ ಕೊಡುತ್ತಿದ್ದೆ. ಎತ್ತಿಟ್ಟದ್ದೆಲ್ಲ ಮುಳುಗಿತು. ನನ್ನ ಜಿಪುಣತನಕ್ಕೆ ಇದಕ್ಕಿಂತ ಸರಿಯಾದ ಉತ್ತರ ಇನ್ನೊಂದಿಲ್ಲ.

ಆದ್ದರಿಂದ ಮುಂದಿನ ಹಂತ: ಆ ಮನೆಗಳಿಗೆ ಹೋಗಿ. ಮೊದಲೇ ಫೋನ್ ಮಾಡಿ, ಹಗಲು ಹೊತ್ತಿನಲ್ಲಿ ಹೋಗಿ, ಗಾಜು ತೆಗೆಯಲು ಒಪ್ಪಿದರೆ ತೆಗೆದು, ಫ್ಲಾಷ್ ಇಲ್ಲದೆ, ಕ್ಯಾಮೆರಾ ಚಿತ್ರಕ್ಕೆ ನೇರವಾಗಿ ಇರುವಂತೆ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟರೆ ಮುಂದೆ ಬಣ್ಣ ಸರಿಪಡಿಸಲು ಸುಲಭ. ವಾಪಸ್ ಕೇಳಬೇಡಿ. ಅವರು ತಾವಾಗಿ ಕೊಡಲು ಬಂದರೂ ಮೊದಲ ವರ್ಷ ತೆಗೆದುಕೊಳ್ಳಬೇಡಿ, ಇಡಲು ನಿಮಗೆ ಜಾಗವಿಲ್ಲ. ನಾನು ಏಳು ತಿಂಗಳಲ್ಲಿ ನಲವತ್ತೊಂದು ಮನೆಗಳಿಗೆ ಹೋದೆ. ಬಸವನಗುಡಿಯ ದಂತವೈದ್ಯರೊಬ್ಬರ ಕಾಯುವ ಕೋಣೆಯಲ್ಲಿ ನನ್ನ 2009ರ ಹುಣಸೆಮರವಿತ್ತು. ಮಲ್ಲೇಶ್ವರದಲ್ಲಿ ಒಬ್ಬರು ದೇವರಮನೆಯ ಕ್ಯಾಲೆಂಡರ್ ಪಕ್ಕದಲ್ಲಿ ನನ್ನ ಎಮ್ಮೆಯನ್ನು ನೇತುಹಾಕಿ ಅದಕ್ಕೂ ಕುಂಕುಮ ಇಟ್ಟಿದ್ದರು.

ಕೈ ಏಳದ ದಿನಗಳು

ಈ ನಡುವೆ ಕೆಲಸ ಮಾಡಲು ಆಗುವುದಿಲ್ಲ. ಆಗದಿರುವುದು ಸೋಮಾರಿತನವಲ್ಲ. ನಾನು ಎರಡು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಮಳೆಯ ಸದ್ದಿಗೆ ಎದ್ದು ಕೂತು, ಇಲ್ಲದ ಸ್ಟುಡಿಯೋದ ಬೀಗ ಹಾಕಿದೆನೇ ಎಂದು ಯೋಚಿಸುತ್ತಿದ್ದೆ. ನಿದ್ದೆ, ಊಟ ತಪ್ಪಿ ಎರಡು ವಾರ ದಾಟಿದರೆ, ಇದ್ದು ಏನು ಪ್ರಯೋಜನ ಎಂಬ ಯೋಚನೆ ಒಮ್ಮೆಯಾದರೂ ಸುಳಿದರೆ, ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ ಯೋಗಕ್ಷೇಮ ಕೇಂದ್ರವೂ ಇದೆ. ಅಲ್ಲಿಗೆ ಹೋಗಲು ಹುಚ್ಚು ಹಿಡಿದಿರಬೇಕಾಗಿಲ್ಲ. ಕಲಾವಿದರಾದ ನಾವು ನೋವೇ ಬಂಡವಾಳ ಎಂದು ನಂಬಿಕೊಂಡು ಚಿಕಿತ್ಸೆಯನ್ನು ಮುಂದೂಡುತ್ತೇವೆ. ಆ ನಂಬಿಕೆಯಿಂದ ಒಂದು ಒಳ್ಳೆಯ ಚಿತ್ರವೂ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಈ ದಿನಗಳಲ್ಲಿ ಮಾಡಬಹುದಾದ ಕೆಲಸ ಒಂದಿದೆ: ಉಳಿಗಳನ್ನು ಮಸೆಯುವುದು. ಕಲ್ಲು, ನೀರು, ಒಂದೇ ಕೋನದಲ್ಲಿ ಕೈ. ಬಣ್ಣದವರು ಕುಂಚ ತೊಳೆಯಬಹುದು, ಕಾಗದ ಕತ್ತರಿಸಿ ಇಡಬಹುದು.

ಒಂದು ಉಳಿ, ಒಂದು ಶಾಯಿ, ಒಂದು ಸೌಟು

ಮರಳಿ ಆರಂಭಿಸುವಾಗ ಮುಳುಗಿದ ಸ್ಟುಡಿಯೋವನ್ನೇ ಮತ್ತೆ ಕಟ್ಟಲು ಹೋಗಬೇಡಿ. ಸಾಲ ಮಾಡಿ ಮುದ್ರಣ ಯಂತ್ರ ಕೊಂಡು, ಅದರ ಮುಂದೆ ಕೈಕಟ್ಟಿ ಕೂತವರನ್ನು ಬಲ್ಲೆ. ನಾನು ಹಾಕಿಕೊಂಡ ನಿಯಮ ಹೀಗಿತ್ತು. ಆರು ಅಂಗುಲ ಅಗಲ, ಎಂಟು ಅಂಗುಲ ಉದ್ದದ ಪ್ಲೈವುಡ್ ತುಂಡು; ಬಡಗಿಗಳ ಬಳಿ ಕತ್ತರಿಸಿ ಉಳಿದದ್ದು ಸಿಗುತ್ತದೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಒಂದೇ ಉಳಿ. ಕಪ್ಪು ಶಾಯಿ. ಯಂತ್ರವಿಲ್ಲ: ಶಾಯಿ ಹಚ್ಚಿದ ಹಲಗೆಯ ಮೇಲೆ ತೆಳು ಕಾಗದ ಹಾಸಿ, ಮರದ ಸೌಟಿನ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜುತ್ತಾ ಬಂದರೆ ಅಚ್ಚು ಮೂಡುತ್ತದೆ. ಅಡುಗೆಮನೆಯ ಮೇಜಿನ ಮೇಲೆ, ಬೆಳಿಗ್ಗೆ ಹಾಲು ಬರುವ ಮುನ್ನ ನಲವತ್ತು ನಿಮಿಷ. ಮೂವತ್ತು ದಿನ. ಯಾರಿಗೂ ತೋರಿಸುವಂತಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆಯುವಂತಿಲ್ಲ, ಹಿಂದೆ ದಿನಾಂಕ ಮಾತ್ರ.

ಏನನ್ನು ಕೆತ್ತಬೇಕು? ಅಲುಗದೆ ಇರುವುದನ್ನು. ನಾನು ಲಾಲ್‌ಬಾಗ್ ಬಂಡೆಯ ಮುಂದೆ ಹೋಗಿ ಕೂತೆ. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು ಅದು, ಮಳೆ ಅದಕ್ಕೆ ಹೊಸತಲ್ಲ. ಮೇಲೆ ಕೆಂಪೇಗೌಡ ಗೋಪುರ, ಕೆಳಗೆ ಬಿಳಿ, ಬೂದು ಬಣ್ಣದ ಪಟ್ಟೆಗಳು. ಆ ಪಟ್ಟೆಗಳನ್ನು ಮಾತ್ರ ನೋಡಿ ಬರೆದುಕೊಂಡು ಬಂದು ಕೆತ್ತುತ್ತಿದ್ದೆ. ಮೊದಲ ಹದಿನೈದು ಕೆಟ್ಟದಾಗಿದ್ದವು. ಹದಿನಾರನೆಯದೂ ಕೆಟ್ಟದಾಗಿತ್ತು, ಆದರೆ ಅದರ ಎಡಮೂಲೆಯಲ್ಲಿ ಒಂದು ಗೆರೆ ನನ್ನದಾಗಿತ್ತು. ಹದಿನೇಳನೆಯ ದಿನ ಆ ಮೂಲೆಯಿಂದ ಆರಂಭಿಸಿದೆ.

ಹಳೆಯ ಮಾಧ್ಯಮಕ್ಕೆ ಕೈ ಒಗ್ಗದಿದ್ದರೆ ಮಾಧ್ಯಮವನ್ನೇ ಬದಲಿಸಿ ನೋಡಿ. ಶಾಂತಿನಿಕೇತನದ ಚಿತ್ರಕಲಾವಿದ ಬಿನೋದ್ ಬಿಹಾರಿ ಮುಖರ್ಜಿ 1956ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ವಿಫಲವಾಗಿ ದೃಷ್ಟಿ ಕಳೆದುಕೊಂಡ ಮೇಲೆ ಕಾಗದ ಕತ್ತರಿಸಿ ಅಂಟಿಸುವ ಕೃತಿಗಳಿಗೆ ತಿರುಗಿದರು. 1972ರಲ್ಲಿ ಅಲ್ಲಿನ ಕಲಾಶಾಲೆಯಾದ ಕಲಾಭವನದಲ್ಲಿ ಸೆರಾಮಿಕ್ ಬಿಲ್ಲೆಗಳ ಭಿತ್ತಿಚಿತ್ರವನ್ನೇ ಮಾಡಿದರು.

ಹೋದದ್ದನ್ನು ಮತ್ತೆ ಮಾಡಬೇಕೇ?

ಎಲ್ಲರೂ ಕೇಳುವ ಪ್ರಶ್ನೆ. ನನ್ನ ಅಭಿಪ್ರಾಯ: ಮೊದಲ ವರ್ಷ ಬೇಡ. ಮತ್ತೆ ಮಾಡಿದ ಹಲಗೆಯಲ್ಲಿ ಉಳಿ ನಡೆಯುವುದಿಲ್ಲ, ನೆನಪನ್ನು ಹಿಂಬಾಲಿಸುತ್ತದೆ; ಅದು ಗೆರೆಯಲ್ಲಿ ಕಾಣುತ್ತದೆ. ಜರ್ಮನಿಯ ಕಲಾವಿದೆ ಕೆಥೆ ಕೋಲ್ವಿಟ್ಜ್ ಅವರ ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಯುದ್ಧದಲ್ಲಿ ಸತ್ತ. ಅವನಿಗಾಗಿ ಒಂದು ಸ್ಮಾರಕ ಶಿಲ್ಪವನ್ನು ಬೇಗನೆ ಆರಂಭಿಸಿದರು, ಸರಿಬರದೆ ವರ್ಷಗಟ್ಟಲೆ ಬದಿಗಿಟ್ಟರು. ಅದು ಬೆಲ್ಜಿಯಂನ ಸಮಾಧಿ ಭೂಮಿಯಲ್ಲಿ ನಿಂತದ್ದು 1932ರಲ್ಲಿ, ಹದಿನೆಂಟು ವರ್ಷಗಳ ನಂತರ. ನಡುವೆ, 1920ರಲ್ಲಿ, ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್ ಅವರ ಮರಗೆತ್ತನೆಯ ಮುದ್ರಣಗಳನ್ನು ಪ್ರದರ್ಶನವೊಂದರಲ್ಲಿ ನೋಡಿ, ಐವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮರಕ್ಕೆ ಉಳಿ ಹಾಕಿದರು. 1943ರ ನವೆಂಬರಿನಲ್ಲಿ ಬರ್ಲಿನ್‌ನ ಅವರ ಮನೆಯೇ ಬಾಂಬಿಗೆ ಉರಿದು ಬಹಳಷ್ಟು ಕೃತಿಗಳು ಹೋದವು. ಆದರೂ ನಾವು ಇಂದು ಅವರ ಮುದ್ರಣಗಳನ್ನು ನೋಡಬಲ್ಲೆವು, ಏಕೆಂದರೆ ಪ್ರತಿಗಳು ಬೇರೆ ಗೋಡೆಗಳ ಮೇಲಿದ್ದವು.

ಹೊಸ ಜಾಗ

ನೆಲಮಾಳಿಗೆ ಬೇಡ, ನೆಲಮಹಡಿಯೂ ಬೇಡ. ಮುಂಗಡ ಕೊಡುವ ಮುನ್ನ ಬೀದಿಯ ಇಸ್ತ್ರಿ ಅಂಗಡಿಯವರನ್ನು ಕೇಳಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾಲೀಕರಿಗಿಂತ ಅವರು ನಿಖರವಾಗಿ ಹೇಳುತ್ತಾರೆ. ಕೆಳಗಿನ ಕಪಾಟು ನೆಲದಿಂದ ಎರಡು ಅಡಿ ಮೇಲಿರಲಿ, ಗೋಡೆಗೆ ಒರಗಿರದಿರಲಿ. ಪ್ರತಿ ಎಡಿಷನ್ನಿನ, ಅಂದರೆ ಒಂದೇ ಹಲಗೆಯಿಂದ ತೆಗೆದ ಮುದ್ರಣಗಳ, ಅರ್ಧದಷ್ಟು ಪ್ರತಿಗಳು ಬೇರೆ ಬಡಾವಣೆಯ ಯಾರದಾದರೂ ಮನೆಯಲ್ಲಿರಲಿ. ನಾನೀಗ ಒಳ್ಳೆಯ ಪ್ರತಿಯನ್ನೇ ಮೊದಲು ಕೊಡುತ್ತೇನೆ.

ಮತ್ತೆ ಜನರ ಮುಂದೆ

ಮೊದಲ ವರ್ಷ ಗ್ಯಾಲರಿಗಳ ಕಡೆ ಹೋಗಬೇಡಿ. ಅಲ್ಲಿ ಎಲ್ಲರೂ ನಿಮ್ಮ ದುರಂತವನ್ನು ನೋಡುತ್ತಾರೆ, ಚಿತ್ರವನ್ನಲ್ಲ. ಚಿತ್ರಸಂತೆ ವಾಸಿ. ಹಲವು ವರ್ಷಗಳಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತಾ ಬಂದಿರುವ ಒಂದು ದಿನದ ಸಂತೆ ಅದು, ಸಾಮಾನ್ಯವಾಗಿ ಜನವರಿಯಲ್ಲಿ; ಮಳಿಗೆಗೆ ಮೊದಲೇ ಅರ್ಜಿ ಹಾಕಬೇಕು. ಅಲ್ಲಿ ನೀವು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಚಿಕ್ಕ ಅಳತೆ, ಚಿಕ್ಕ ಬೆಲೆ, "ಇದು ಯಾವ ಬಂಡೆ?" ಎಂಬ ಪ್ರಶ್ನೆ.

ನನಗೆ ಆ ಮೊದಲ ಜನವರಿಯಲ್ಲಿ ಸಂತೆಗೆ ಹೋಗಲಾಗಲಿಲ್ಲ. ಅಜ್ಜಿ ಬಂದು, ಹೊಸ ಅವರೆಕಾಯಿ ಬಂದಿದೆ, ಫ್ರೀಜರ್ ಖಾಲಿ ಮಾಡಿಕೊಡಮ್ಮಾ ಎಂದರು. ಹೆಪ್ಪುಗಟ್ಟಿದ್ದನ್ನು ಬಿಡಿಸುವ ಕ್ರಮ ಇಷ್ಟೇ: ದಿನಕ್ಕೆ ಒಂದೇ ಕಟ್ಟು, ನೆರಳಿನಲ್ಲಿ, ಕರಗುತ್ತಾ ಸಡಿಲವಾದ ಹಾಳೆಯನ್ನು ಮಾತ್ರ ಎತ್ತುತ್ತಾ ಹೋಗಬೇಕು. ಒಂಬತ್ತು ದಿನ ಅವರ ನಡುಮನೆಯಲ್ಲೇ ಕೂತೆ. ಅವರು ನೆನೆಹಾಕಿದ ಕಾಳನ್ನು ಹಿದುಕುತ್ತಿದ್ದರು, ನಾನು ಹಾಳೆ ಬಿಡಿಸುತ್ತಿದ್ದೆ. ಎಪ್ಪತ್ತು ಜಲವರ್ಣಗಳಲ್ಲಿ ಹದಿನಾಲ್ಕು ಚಿತ್ರಗಳೆನ್ನುವಂತಿದ್ದವು. ಉಳಿದವು ಬಣ್ಣದ ಕಲೆಗಳು.

"ಇದು ಏನು?" ಎಂದು ಅಜ್ಜಿ ಒಂದನ್ನು ಎತ್ತಿದರು. ಅದು ಹಲಸೂರು ಕೆರೆಯಾಗಿತ್ತು. ಈಗ ಮೇಲೆ ಹಸಿರು, ಕೆಳಗೆ ಕೆಸರಿನ ಗೆರೆ.

"ಕೆಟ್ಟುಹೋಗಿದೆ ಅಜ್ಜಿ."

"ನೀರಿನ ಚಿತ್ರವೇ ತಾನೆ?" ಎಂದು ಅವರು ಅದನ್ನು ಸಿಪ್ಪೆಯ ರಾಶಿಯಿಂದ ದೂರ ಇಟ್ಟುಕೊಂಡರು. ಆ ಸಂಜೆ ಲೆಕ್ಕದ ಪುಸ್ತಕ ತೆರೆದು, ಕ್ರಮಸಂಖ್ಯೆ 212ರ ಏಳನೆಯ ಕಲಮಿನಲ್ಲಿ ಬರೆದೆ: ಎದುರುಮನೆ, ಫ್ರೀಜರಿನ ಮೇಲಿನ ಗೋಡೆ.